ಒಂದು ಸ್ಟಾರ್ ಹೆಚ್ಚಾಯಿತು

ನಾದಿನಿಯನ್ನು ಕೆಲಸಕ್ಕೆ ಸೇರಿಸಿದವನು ಭಾವನೇ. ಈಗ ಆಫೀಸಿಗೆ ಆಫೀಸೇ ಅವಳನ್ನು ಹೊಗಳುವುದನ್ನು ಕೇಳಿ ಅವನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಸಾಫ್ಟ್‌ವೇರ್ ಕೋಡಿನ ನಡುವೆ ಇವರಿಬ್ಬರೂ ವಿವರಣೆಗೆಂದು ಬರೆದಿಟ್ಟ ಕಾಮೆಂಟುಗಳನ್ನು ಹೆಕ್ಕಿ, ಗ್ರಾಹಕರು ಓದುವ ಕೈಪಿಡಿಯನ್ನು ಕಂಪ್ಯೂಟರೇ ಕಟ್ಟುತ್ತಿತ್ತು. ಅವಳ ಪುಟಗಳು ನೀರು ಕುಡಿದಷ್ಟು ಸಲೀಸು. ಇವನವು ಕಬ್ಬಿಣದ ಕಡಲೆ.

ಅಂದು ಅವಳ ಕೋಡು ತೆರೆದು ಹುಳುಕು ಹುಡುಕಿದ. ಒಂದೂ ಸಿಗಲಿಲ್ಲ. ಉರಿ ತಾಳಲಾರದೆ, ತನಗೊಬ್ಬನಿಗೇ ಇರಲಿ ಎಂದು ತನ್ನ ಕೋಡಿನ ನೆತ್ತಿಯ ಮೇಲೆ ಗೀಚಿದ: ‘ಇದನ್ನೂ ಅವಳೇ ಬರೆದಿದ್ರೆ ಚೆನ್ನಾಗಿರ್ತಿತ್ತು, ಹಾಳಾಗ್ಲಿ!’

ಶುರುವಿನಲ್ಲಿ ಒಂದು ಸ್ಟಾರ್ ಗುರುತು (*) ಹಾಕಿದರೆ ಕಾಮೆಂಟು ಮನೆಯೊಳಗಿನ ಮಾತು, ಎರಡು ಹಾಕಿದರೆ ಕೈಪಿಡಿಗೇ ಸೇರಿ ಊರಿಗೆಲ್ಲ ಡಂಗುರ. ಹತ್ತು ವರ್ಷ ಪಳಗಿದ ಬೆರಳು ತನ್ನ ಪಾಡಿಗೆ ತಾನು ಎರಡು ಒತ್ತಿಬಿಟ್ಟಿತು.

ಮರುದಿನ ಮ್ಯಾನೇಜರು ಕೈಪಿಡಿಯ ಆ ಪುಟವನ್ನೇ ಹಿಡಿದುಕೊಂಡು ಬಂದರು. ಭಾವ ತಟಕ್ಕನೆ ಎದ್ದು ನಿಂತ.

“ಸಾರ್, ಗ್ರಾಹಕರು ಬೈದ್ರಾ?”

“ಬೈಯೋದಾ? ಹತ್ತು ವರ್ಷದಲ್ಲಿ ನೀವು ಬರೆದಿದ್ದು ಇದೊಂದೇ ಕಣ್ರೀ ಅವರಿಗೆ ಅರ್ಥ ಆಗಿರೋದು. ‘ಅವಳು’ ಅಂದ್ರೆ ಯಾರು, ಮಿಕ್ಕಿದ್ದೆಲ್ಲ ಆಕೆ ಕೈಲೇ ಬರೆಸಿ ಅಂತಿದ್ದಾರೆ!”