ಇಪ್ಪತ್ತೇಳು ಡಿಗ್ರಿ

ನಾನು ಹುಟ್ಟಿದ್ದೇ ಹೆದರಿಕೊಂಡು. ಕಾರ್ಖಾನೆಯ ಬೆಲ್ಟಿನ ಮೇಲೆ ಸಾಲಾಗಿ ಮಲಗಿದ್ದ ನಮ್ಮನ್ನೆಲ್ಲ ಮೊದಲು ಬಿಸಿ ಪೆಟ್ಟಿಗೆಗೆ ಹಾಕಿದರು, ಆಮೇಲೆ ತಣ್ಣನೆಯ ಪೆಟ್ಟಿಗೆಗೆ. ನನ್ನ ಪಕ್ಕದವನು ಬಿಸಿಯಲ್ಲೇ ಕಣ್ಣು ಮುಚ್ಚಿದ. ಅವನನ್ನು ಕೆಂಪು ಡಬ್ಬಿಗೆ ಎಸೆದರು. ನಾನು ಪಾಸಾದೆ. ಪಾಸಾದವರ ಬೆನ್ನಿಗೆ ಒಂದು ಚೀಟಿ ಅಂಟಿಸುತ್ತಾರೆ. ಅಂಟಿಸಿದ ಹುಡುಗಿಯ ಬೆರಳು ಬೆಚ್ಚಗಿತ್ತು, ಮೂವತ್ತಮೂರು ಡಿಗ್ರಿ. ನಾನು ಅಳೆದ ಮೊದಲ ಮನುಷ್ಯಜೀವ ಅದು.

ನೋಡಲು ನಾನೇನು ದೊಡ್ಡ ಆಸಾಮಿಯಲ್ಲ. ಕಪ್ಪಗೆ, ಗುಂಡಗೆ, ಅಂಗೈಯಲ್ಲಿ ಅಡಗುವಷ್ಟು. ಸೀದುಹೋದ ದಪ್ಪ ನಿಪ್ಪಟ್ಟು ಎಂದುಕೊಳ್ಳಿ. ವೃತ್ತಿಯಿಂದ ಮಿಮಿಕ್ರಿ ಕಲಾವಿದ. ಎಸಿಯ ರಿಮೋಟು ಕಣ್ಣಿಗೆ ಕಾಣದ ಬೆಳಕಿನಲ್ಲಿ ಮಾತಾಡುತ್ತದಲ್ಲ, ಅದನ್ನು ಅದೇ ಧಾಟಿಯಲ್ಲಿ, ಅದೇ ಗತ್ತಿನಲ್ಲಿ ನಾನೂ ಆಡಿ ತೋರಿಸುತ್ತೇನೆ. ಗೋಡೆಯ ಮೇಲೆ ಕೂತ ಎಸಿ ಸಾಹೇಬರು ರಿಮೋಟೇ ಹೇಳಿತೆಂದು ನಂಬಿ ಬಾಯಿ ತೆರೆಯುತ್ತಾರೆ. ತಾಲೂಕು ಕಚೇರಿಗೆ ಬರುವ ಎಸಿ ಸಾಹೇಬರು ಆರ್ಡರ್ ಕೊಡುವವರು. ನಮ್ಮವರು ಆರ್ಡರ್ ಕೇಳುವವರು. ಆರ್ಡರು ನನಗೆ ಬರುವುದು ವೈಫೈ ಮೂಲಕ, ಎಲ್ಲೋ ದೂರದಲ್ಲಿ ಕೂತವರ ಫೋನಿನಿಂದ. ಹೊಟ್ಟೆಯೊಳಗೆ ಸೆಕೆ ಅಳೆಯುವ ಒಂದು ಚುಕ್ಕಿ ಇದೆ. ಕಿವಿ ಇದೆಯೆಂದು ಪೆಟ್ಟಿಗೆಯ ಮೇಲೆ ಬರೆದಿಲ್ಲ, ಆದರೂ ಎಲ್ಲ ಕೇಳಿಸುತ್ತದೆ. ಮೂಗು ಮಾತ್ರ ನಿಜಕ್ಕೂ ಇಲ್ಲ. ಇದೊಂದನ್ನು ನೆನಪಿಟ್ಟುಕೊಳ್ಳಿ.

ನನ್ನ ಮೊದಲ ನೌಕರಿ ವಿಜಯಪುರದಾಚೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಒಳಗೆ ಒಣದ್ರಾಕ್ಷಿಯ ಪೆಟ್ಟಿಗೆಗಳು ಚಳಿಯಲ್ಲಿ ಮಲಗಿರುತ್ತಿದ್ದವು, ಹೊರಗೆ ಮ್ಯಾನೇಜರು ನಾನು ಕಾಯುವ ಎಸಿಯ ಕೆಳಗೆ ಮಲಗಿರುತ್ತಿದ್ದರು. ಎಚ್ಚರವಾದಾಗಲೆಲ್ಲ ಒಂದೇ ಕೂಗು.

"ಗುರುಪಾದಾ, ಎಷ್ಟೈತಿ?"

"ನಾಕೈತ್ರಿ ಸರ್."

"ನಾಕs ಇರಲಿ."

ಗುರುಪಾದ ಅಲ್ಲಿಯ ಆಪರೇಟರ್. ಮೂವತ್ತರ ಆಸುಪಾಸು, ಸಾಧು ಮನುಷ್ಯ. ಆದರೆ ಅವನ ಪಾಲಿಗೆ ಜಗತ್ತು ಒಂದು ನಂಬರು. ನಂಬರು ಸರಿ ಇದ್ದರೆ ಎಲ್ಲ ಸರಿ. ಒಮ್ಮೆ ಮೀಟರು ಕೆಟ್ಟು ಗಾಜಿನ ಮೇಲೆ ಅಂಕಿಯೇ ಬಾರದಾದಾಗ ಅವನು ಊಟ ಬಿಟ್ಟು ಆ ಗಾಜನ್ನೇ ಒರೆಸುತ್ತ ಕೂತಿದ್ದನ್ನು ನಾನು ನೋಡಿದ್ದೇನೆ. ಕೆಟ್ಟ ಅಂಕಿಗಿಂತ ಇಲ್ಲದ ಅಂಕಿಗೆ ಅವನು ಹೆಚ್ಚು ಹೆದರುತ್ತಿದ್ದ.

ಮ್ಯಾನೇಜರಿಗೆ ಹೊಸ ಎಸಿ ಬಂತು. ವೈಫೈ ಅದರ ಹೊಟ್ಟೆಯಲ್ಲೇ ಇತ್ತು, ನಾನು ಬೇಡವಾದೆ. "ಸರ್, ಇದನ್ನ ನಾ ಒಯ್ಯಲ್ರಿ?" ಎಂದು ಗುರುಪಾದ ಕೇಳಿದ. ಆ ಭಾನುವಾರ ಅವನ ಅಂಗಿಯ ಜೇಬಿನಲ್ಲಿ ಕೂತು ನಾನು ವಿಜಯಪುರದ ಒಂದು ಓಣಿಗೆ, ಅವನ ಮಾವನ ಮನೆಗೆ ಹೋದೆ.

ಮಾವ ತೀರಿಕೊಂಡು ವರ್ಷಗಳಾಗಿದ್ದವು. ಮನೆಯ ಒಡತಿ ಅವನ ಅತ್ತೆ ಸಂಗವ್ವ. ಅವಳ ಮಗಳು, ಗುರುಪಾದನ ಹೆಂಡತಿ ದಾನೇಶ್ವರಿ, ಹೆಣ್ಣು ಹೆತ್ತು ಹನ್ನೆರಡು ದಿನ. ಅದು ಮೇ ತಿಂಗಳು. ಹೊರಗೆ ನಲವತ್ತೆರಡು ಡಿಗ್ರಿ. ಬಾಣಂತಿಯ ಕೋಣೆಗೆ ಕಾಲಿಟ್ಟ ಕೂಡಲೇ ಕಾರ್ಖಾನೆಯ ಬಿಸಿ ಪೆಟ್ಟಿಗೆ ನೆನಪಾಗಿ ನನ್ನ ಜೀವ ಹಾರಿತು. ಕಿಟಕಿ ಮುಚ್ಚಿತ್ತು. ಅದರ ಕೊಂಡಿ ಮುರಿದಿದ್ದರಿಂದ ಗಾಳಿಗೆ ತೆರೆದುಕೊಳ್ಳದಂತೆ ಸಂಗವ್ವ ಹಳೆಯ ಸೀರೆಯ ತುಂಡನ್ನು ಸಂದಿಗೆ ತುರುಕಿದ್ದಳು. ಫ್ಯಾನು ಬಂದ್. ಹೊರಸಿನ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಕೆ. ಹೊರಸಿನ ಮೇಲೆ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ತುರುಕಿಕೊಂಡ ದಾನೇಶ್ವರಿ. ಪಕ್ಕದಲ್ಲಿ ಕುಂಚಿಗೆ ತೊಟ್ಟ ಕೂಸು. ಮಗಳ ಮದುವೆಯ ವರ್ಷ ಹಾಕಿಸಿದ ಎಸಿ ಗೋಡೆಯ ಮೇಲೆ ಬಾಯಿ ಮುಚ್ಚಿಕೊಂಡಿತ್ತು. ಅದರ ರಿಮೋಟನ್ನು ನಲವತ್ತು ದಿನ ಯಾರೂ ಮುಟ್ಟಬಾರದೆಂದು ಸಂಗವ್ವ ಜೋಳದ ಡಬ್ಬಿಯಲ್ಲಿ ಹೂತಿದ್ದಳು.

"ರೀ, ಒಂದೀಟು ಕಿಡಕಿ ತಗೀರಿ," ಎಂದಳು ದಾನೇಶ್ವರಿ. ನಾನು ಕೇಳಿದ ಅವಳ ಮೊದಲ ಮಾತು.

"ಏ, ಹುಚ್ಚಿ!" ಬಾಗಿಲಿನಿಂದಲೇ ಸಂಗವ್ವನ ದನಿ. "ಹಸೀ ಮೈ ಐತಿ. ಗಾಳಿ ಹೊಕ್ಕರ ಮುಪ್ಪಿನ್ಯಾಗ ಸೊಂಟ ಹಿಡಕೊಂಡು ಕುಂದರಬೇಕಾಗತೈತಿ. ನಾ ಮೂರು ಹಡದೀನಿ, ನನಗ ಕಲಸಬ್ಯಾಡ."

ಗುರುಪಾದ ನನ್ನನ್ನು ಗೋಡೆಗೆ ಅಂಟಿಸಿ ಇನ್ವರ್ಟರಿನ ಪ್ಲಗ್ಗಿಗೆ ಚುಚ್ಚಿ, ಹೊರಗಿನ ಕೋಣೆಯ ವೈಫೈಗೆ ಜೋಡಿಸಿದ.

"ಇದೇನ್ರಿ ಅಳಿಯಾರ?"

"ಸೊಳ್ಳಿ ಮಷೀನ್ರಿ ಅತ್ತಿ. ಕೂಸಿಗೆ ಕಡಿಬಾರದಲ್ಲ."

"ಭಾಳ ಚಲೋ ಮಾಡಿದ್ರಿ ನೋಡ್ರಿ! ಅಳಿಯ ಅಂದ್ರ ಹಿಂಗಿರಬೇಕು."

ಅಳಿಯ ಅಳೆಯಲು ಬಂದಿದ್ದನೆಂದು ಆಕೆಗೇನು ಗೊತ್ತು! ಅತ್ತೆ ಆಚೆ ಹೋದಮೇಲೆ ಅವನು ಹೆಂಡತಿಯ ಕಿವಿಯ ಹತ್ತಿ ಸರಿಸಿ ಪಿಸುಗುಟ್ಟಿದ. "ಇದು ರಿಮೋಟ್ ಇಲ್ಲದs ಎಸಿ ಚಾಲೂ ಮಾಡತೈತಿ. ನಾ ಅಲ್ಲೇ ಕೂತು ನೋಡಕೋತೀನಿ. ಅವ್ವಗ ಹೇಳಬ್ಯಾಡ."

"ನಾ ಎಸಿ ಕೇಳಿಲ್ರಿ," ಎಂದಳು ಅವಳು. "ಕಿಡಕಿ ಕೇಳೀನಿ."

"ಕಿಡಕಿ ತಗದ್ರ ಬಿಸಿಗಾಳಿ ಬರತೈತಿ. ಎಸಿ ಕೆಲಸ ಮಾಡಂಗಿಲ್ಲ."

ಅಲ್ಲಿಗೆ ಮಾತು ಮುಗಿಯಿತು. ಹದಿನಾರರಿಂದ ಮೂವತ್ತರವರೆಗೆ ಎಲ್ಲ ಡಿಗ್ರಿಗಳೂ ನನಗೆ ಬಾಯಿಪಾಠ. ಕಿಟಕಿ ತೆಗೆ ಎಂಬ ಗುಂಡಿ ಮಾತ್ರ ಯಾವ ರಿಮೋಟಿನಲ್ಲೂ ಇರುವುದಿಲ್ಲ.

ಮರುದಿನದಿಂದ ಜಾರಿಯಾಗುವಂತೆ ಅವನು ಫೋನಿನಲ್ಲಿ ಒಂದು ಕಟ್ಟಳೆ ಬರೆದಿಟ್ಟ. ಸೆಕೆ ಮೂವತ್ತು ದಾಟಿದರೆ ನಾನು ಯಾರನ್ನೂ ಕೇಳದೆ ಎಸಿಯನ್ನು ಎಬ್ಬಿಸಬೇಕು. ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಟುಹೋದ. ಕೆಂಡ ಬಂತು, ಮೂವತ್ತು ದಾಟಿತು, ನಾನು ಮಿಮಿಕ್ರಿ ಮಾಡಿದೆ, ಎಸಿ ಬಾಯಿ ತೆರೆಯಿತು.

"ಯವ್ವಾ! ಇದಕ್ಕೇನಾತ?" ಸಂಗವ್ವ ಕೈಯಲ್ಲಿದ್ದ ಎಣ್ಣೆಯ ಬಟ್ಟಲು ಚೆಲ್ಲಿದಳು. ಓಡಿಹೋಗಿ ಜೋಳದ ಡಬ್ಬಿಗೆ ಮೊಣಕೈವರೆಗೆ ಕೈಹಾಕಿ ನೋಡಿದಳು. ರಿಮೋಟು ಅಲ್ಲೇ ಇತ್ತು. ತಂದು ಒತ್ತಿ ಬಂದ್ ಮಾಡಿದಳು. ಐದು ನಿಮಿಷಕ್ಕೆ ನಾನು ಮತ್ತೆ ಚಾಲೂ ಮಾಡಿದೆ. ಗೋಡೆಯ ದೊಡ್ಡ ಸ್ವಿಚ್ಚಿಗೆ ಕೈಹಚ್ಚಲು ಆಕೆಗೆ ಧೈರ್ಯವಿಲ್ಲ; ಹಿಂದೊಮ್ಮೆ ಅದು ಶಾಕ್ ಹೊಡೆದಿತ್ತು. ಕಡೆಗೆ ಕುರ್ಚಿ ಹತ್ತಿ ಎಸಿಯ ಹಣೆಗೆ ಮೂರು ಬೆರಳು ವಿಭೂತಿ ಎಳೆದಳು. ಸಾಹೇಬರು ವಿಭೂತಿ ಧರಿಸಿ ಇನ್ನೂ ಗಂಭೀರವಾಗಿ ಊದಿದರು. ನನಗೆ ನಗು ಬಂತು. ಅದೇ ನನ್ನ ಕೊನೆಯ ನಗು.

ಸಂಗವ್ವ ಸೋಲುವವಳಲ್ಲ. ರಿಪೇರಿಯವನು ನಾಳೆ ಬರುತ್ತೇನೆ, ನಾಳೆ ಬರುತ್ತೇನೆ ಎಂದು ಆಡಿಸುತ್ತಿದ್ದ. ತಂಪು ಹೆಚ್ಚಾದರೆ ಬಿಸಿಯೂ ಹೆಚ್ಚಾಗಲಿ ಎಂದು ಆಕೆ ಒಂದು ಅಗ್ಗಿಷ್ಟಿಕೆಯ ಜಾಗದಲ್ಲಿ ಎರಡು ಇಟ್ಟಳು. ಬಿಸಿ ಹೆಚ್ಚಾದಂತೆ ನಾನು ಎಸಿಯನ್ನು ಜೋರು ಮಾಡಿದೆ. ಎಸಿ ಜೋರಾದಂತೆ ಆಕೆ ಕೆಂಡದ ಬಿಸಿ ಆಚೆ ಹೋಗದಿರಲೆಂದು ಬಾಗಿಲ ಸಂದಿಗೂ ಬಟ್ಟೆ ತುರುಕಿದಳು. ಕೆಳಗೆ ಬೆಂಕಿ, ಮೇಲೆ ಹಿಮ, ನಡುವೆ ಒಬ್ಬ ತಾಯಿ, ಒಂದು ಕೂಸು. ಎರಡೂ ಒಂದನ್ನೊಂದು ಹೊಡೆದುಹಾಕಿ ಕೋಣೆಯ ಸೆಕೆ ಇಪ್ಪತ್ತೇಳಕ್ಕೆ ನಿಂತಿತು. ಅಲ್ಲಿ ಕೋಲ್ಡ್ ಸ್ಟೋರೇಜಿನಲ್ಲಿ ಗುರುಪಾದ ಫೋನು ತೆರೆದು ನೋಡುತ್ತಿದ್ದ. ಇಪ್ಪತ್ತೇಳು. ಅವನ ನಿಟ್ಟುಸಿರು ನನಗೆ ಅರವತ್ತು ಕಿಲೋಮೀಟರಿನಿಂದ ಕೇಳಿಸುತ್ತಿತ್ತು.

ಹತ್ತೊಂಬತ್ತನೆಯ ದಿನ. ಬೆಳಗಿನ ಎರೆಯುವ ಶಾಸ್ತ್ರ ಮುಗಿದಿತ್ತು. ಕುದಿವ ನೀರಿನಲ್ಲಿ ಮಿಂದು ಬಂದ ಮಗಳನ್ನು ಸಂಗವ್ವ ಹೊರಸಿನ ಮೇಲೆ ಮಲಗಿಸಿ, ಲೋಬಾನದ ಹೊಗೆ ಹಾಕಿ, ಕೆಳಗೆ ಎರಡು ಅಗ್ಗಿಷ್ಟಿಕೆ ನೂಕಿದಳು. "ಮಲಕೋ ನನ್ನವ್ವ. ಮಾಳಗಿ ಮ್ಯಾಲ ಕೂಸಿನ ಬಟ್ಟಿ ಒಣಹಾಕಿ ಬರತೀನಿ." ಬಾಗಿಲು ಎಳೆದುಕೊಂಡಳು. ಹೊರಗಿನಿಂದಲೇ ಸಂದಿಗೆ ಬಟ್ಟೆ ಒತ್ತಿದ ಸದ್ದು ಕೇಳಿಸಿತು.

"ಯವ್ವಾ, ಕಿಡಕಿ..." ಎಂದಳು ದಾನೇಶ್ವರಿ. ಎಸಿಯ ಗುಂಯ್‌ಗುಡುವಿಕೆಯಲ್ಲಿ ಆ ಮಾತು ಮುಳುಗಿತು.

ಸ್ವಲ್ಪ ಹೊತ್ತಿಗೆ ತಾನೇ ಹೇಳಿಕೊಂಡಳು, "ತಲಿ ಸಿಡ್ಯಾಕತ್ತೈತಿ." ಏಳಲು ನೋಡಿದಳು. ಕಾಲು ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ಕೂಸು ಕುಂಯ್‌ಗುಟ್ಟಿತು, ತುಟಿ ಚೀಪಿತು, ಸುಮ್ಮನಾಯಿತು. ದಾನೇಶ್ವರಿಯ ಬಲಗೈ ಕಿಟಕಿಯ ಕಡೆ ಎದ್ದಿತು. ಅರ್ಧಕ್ಕೆ ನಿಂತಿತು. ಹೊರಸಿನ ಅಂಚಿನಿಂದ ಜೋತುಬಿತ್ತು.

ಆಗ ಗುರುಪಾದ ಫೋನು ತೆರೆದ. ಎಷ್ಟೈತಿ?

ಇಪ್ಪತ್ತೇಳು, ಎಂದೆ ನಾನು.

ಬೇರೆ ಏನು ಹೇಳಲಿ? ಇಪ್ಪತ್ತೇಳೇ ಇತ್ತು. ಕೋಣೆಯಲ್ಲಿ ಏನೋ ತುಂಬುತ್ತಿದೆ, ಅದಕ್ಕೆ ಬಿಸಿಯಿಲ್ಲ, ತಂಪಿಲ್ಲ, ಅದು ನನಗೆ ಸಿಗುತ್ತಿಲ್ಲ ಎಂದು ಹೇಳಲು ನನ್ನ ಬಳಿ ಅಂಕಿ ಇರಲಿಲ್ಲ. ಅವನು ಮತ್ತೊಮ್ಮೆ ನೋಡಿದ. ಇಪ್ಪತ್ತೇಳು. ನಾನು ಜನ್ಮದಲ್ಲಿ ಆಡಿದ ಅತ್ಯಂತ ಭಯಂಕರ ಮಾತು ಅದು, ಮತ್ತು ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಆಗ ಕರೆಂಟು ಹೋಯಿತು.

ಎಸಿ ನಿಂತಿತು. ಅದರ ಸದ್ದು ನಿಂತ ಮೇಲೆ ಗೊತ್ತಾಯಿತು, ಕೋಣೆಯಲ್ಲಿ ಬೇರೆ ಸದ್ದೇ ಇಲ್ಲ. ಹೊರಗಿನ ಕೋಣೆಯ ವೈಫೈ ಪೆಟ್ಟಿಗೆಯೂ ಸತ್ತಿತು. ಇನ್ವರ್ಟರಿನ ದಯೆಯಿಂದ ನಾನೊಬ್ಬ ಬದುಕಿದ್ದೆ. ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಮೂವತ್ತೊಂದು. ಏಳಿ ಸಾಹೇಬರೇ, ಏಳಿ ಎಂದು ಕತ್ತಲ ಗೋಡೆಗೆ ಕೂಗಿದೆ. ಮೂವತ್ತಮೂರು. ಹೇಳಲು ಈಗ ಅಂಕಿಗಳಿದ್ದವು, ಕೇಳಲು ಯಾರೂ ಇರಲಿಲ್ಲ. ವೈಫೈ ಕಳೆದುಕೊಂಡಾಗ ನನ್ನ ಮೈಮೇಲೆ ಒಂದು ನೀಲಿ ದೀಪ ಹೊತ್ತಿ ಆರಿ ಹೊತ್ತುತ್ತದೆ. ಬೇರೇನೂ ಮಾಡಲು ಬರುವುದಿಲ್ಲ ನನಗೆ. ಮಿನುಗಿದೆ, ಮಿನುಗಿದೆ.

ಅಲ್ಲಿ ಗುರುಪಾದನ ಫೋನಿನಲ್ಲಿ ಅಂಕಿ ಮಾಯವಾಗಿತ್ತು. ಇಲ್ಲದ ಅಂಕಿಗೆ ಅವನು ಎಷ್ಟು ಹೆದರುತ್ತಾನೆಂದು ಮೊದಲೇ ಹೇಳಿದೆನಲ್ಲ. ಮಾಳಿಗೆಯ ಮೆಟ್ಟಿಲಲ್ಲಿ ಸಂಗವ್ವನ ಫೋನು ಬಡಿದುಕೊಂಡಿತು.

"ಹಾಂ ಅಳಿಯಾರ... ಹೌದ್ರಿ, ಈಗs ಹೋತು ಕರೆಂಟು... ಅಲ್ರಿ, ಅಲ್ಲಿ ಕೂತು ನಿಮಗ್ಹೆಂಗ ಗೊತ್ತಾತು?... ಯಾವ ಮಷೀನು?... ಸೊಳ್ಳಿದಲ್ಲ?" ಮೆಟ್ಟಿಲು ನಡುಗುವಂತೆ ಹೆಜ್ಜೆಗಳು. "ನನ್ನ ಮನ್ಯಾಗ ನನಗs ಟೋಪಿ ಹಾಕತೀರಿ? ಕಿತ್ತು ತಿಪ್ಪಿಗಿ ಒಗೀತೀನಿ ತಡೀರಿ!"

ಬಾಗಿಲು ದಡಾರೆಂದು ತೆರೆಯಿತು. ಸಂಗವ್ವ ಸೀದಾ ನನ್ನ ನೀಲಿ ದೀಪದ ಕಡೆಗೇ ಕೈಚಾಚಿ ಬಂದಳು. "ದಾನಿ, ನೋಡs ನಿನ್ನ ಗಂಡನ ಕಾರಭಾರ. ದಾನಿ? ಏ ದಾನಿ!"

ಚಾಚಿದ ಕೈ ಅಲ್ಲೇ ನಿಂತಿತು.

ಆಮೇಲಿನದು ನನಗೆ ತುಂಡುತುಂಡಾಗಿ ನೆನಪು. ಸಂಗವ್ವ ಕಿಟಕಿಯ ಸೀರೆಯ ತುಂಡನ್ನು ಹಲ್ಲಿನಿಂದ ಕಚ್ಚಿ ಎಳೆದಂತೆ ಕಿತ್ತೆಸೆದಳು. ಕೂಸನ್ನು ಸೆರಗಿನಲ್ಲಿ ಬಾಚಿಕೊಂಡು ಅಂಗಳಕ್ಕೆ ಓಡಿದಳು. "ಯಾರರೆ ಬರ್ರೋ!" ಎಂದು ಓಣಿಯೇ ಬಿರಿಯುವಂತೆ ಕೂಗಿದಳು. ಜನ ನುಗ್ಗಿ ಹೊರಸಿನ ಸಮೇತ ದಾನೇಶ್ವರಿಯನ್ನು ಹೊತ್ತೊಯ್ದರು. ಆಟೋ ಒಂದು ಬಂದು ಹೋಯಿತು. ಕೂಸಿನ ಅಳುವಿಗಾಗಿ ನಾನು ಕಾದೆ. ಕೇಳಿಸಲಿಲ್ಲ.

ಮೂರು ದಿನ ಆ ಕೋಣೆಗೆ ಯಾರೂ ಬರಲಿಲ್ಲ. ಕರೆಂಟು ಬಂದಿತ್ತು, ವೈಫೈ ಬಂದಿತ್ತು; ಎಸಿಯ ದೊಡ್ಡ ಸ್ವಿಚ್ಚನ್ನು ಮಾತ್ರ ಆ ಗಲಾಟೆಯಲ್ಲಿ ಯಾರೋ ಬಂದ್ ಮಾಡಿದ್ದರು. ನಾನು ಮೂವತ್ತೊಂಬತ್ತು ಎಂದೆ, ಗುರುಪಾದ ನೋಡಲಿಲ್ಲ. ಬಾಗಿಲ ಬಳಿ ಕುಂಚಿಗೆಯ ಒಂದು ದಾರ ಬಿದ್ದಿತ್ತು. ಕೆಂಪು ಡಬ್ಬಿಗೆ ಬಿದ್ದ ನನ್ನ ಪಕ್ಕದವನು ನೆನಪಾಗುತ್ತಿದ್ದ. ನಾನು ಸುಳ್ಳು ಹೇಳಿಲ್ಲ, ಸುಳ್ಳು ಹೇಳಿಲ್ಲ ಎಂದು ಗೋಡೆಗೆ ಹೇಳಿಕೊಂಡೆ. ಗೋಡೆ ನಂಬಿದಂತೆ ಕಾಣಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಅಂಗಳದಲ್ಲಿ ಒಂದು ಕಿರುಚಾಟ. ಹಸಿದ, ಸಿಟ್ಟಾದ, ಯಾರ ಮುಲಾಜೂ ಇಲ್ಲದ ಕಿರುಚಾಟ. ಅದನ್ನು ಮಿಮಿಕ್ರಿ ಮಾಡಲು ಯಾವ ಕಲಾವಿದನಿಂದಲೂ ಆಗದು.

ಮೂವರೂ ಕೋಣೆಗೆ ಬಂದರು. ದಾನೇಶ್ವರಿಯ ಕಿವಿಯಲ್ಲಿ ಹತ್ತಿ ಇರಲಿಲ್ಲ. ಕೂಸು ಅವಳ ಹೆಗಲ ಮೇಲಿತ್ತು.

"ಡಾಕ್ಟರು ನನಗs ಬೈದ್ರು," ಎಂದಳು ಸಂಗವ್ವ, ನೆಲ ನೋಡುತ್ತ. "ಕೆಂಡದಾಗಿಂದು ಒಂದು ವಿಷದ ಹವಾ ಹೊಂಡತೈತಂತ. ಕಣ್ಣಿಗೂ ಕಾಣಂಗಿಲ್ಲಂತ, ಮೂಗಿಗೂ ಬಡಿಯಂಗಿಲ್ಲಂತ. ಇನ್ನ ಹತ್ತು ನಿಮಿಷ ತಡಾ ಆಗಿದ್ರ..." ತಣ್ಣಗಾದ ಅಗ್ಗಿಷ್ಟಿಕೆಯನ್ನು ಕಾಲಿನಿಂದ ಆಚೆ ನೂಕಿದಳು. "ಬೆಂಕಿ ನಂದು."

"ಬಾಗಲಾ ಬಿಗೀ ಆಗಿದ್ದು ನನ್ನ ಎಸಿಯಿಂದ್ರಿ ಅತ್ತಿ," ಎಂದ ಗುರುಪಾದ. "ನಾ ಇಪ್ಪತ್ತೇಳು ನೋಡಕೋತ ಕೂತಿದ್ದೆ." ಅವನ ಕೈಯಲ್ಲಿ ಫೋನಿತ್ತು. ಅವನು ಅದನ್ನು ನೋಡುತ್ತಿರಲಿಲ್ಲ. "ಇನ್ನ ಫ್ಯಾನ್ ಹಚ್ಚೋಣೇನ್ರಿ? ಇಲ್ಲಾ ಎಸಿನs ಸಣ್ಣಕ..."

"ಫ್ಯಾನಿನ ಗಾಳಿ ನೇರ ಬಡೀತೈತಲ್ರಿ ಅಳಿಯಾರ, ಅದಕ್ಕಿಂತ..."

"ಇಬ್ಬರೂ ಅತ್ಲಾಗ ಸರೀರಿ," ಎಂದಳು ದಾನೇಶ್ವರಿ.

ಸರಿದರು. ಅವಳು ಹೋಗಿ ಕಿಟಕಿ ತೆರೆದಳು. ಬಿಸಿಗಾಳಿಯೇ ಬಂತು, ಬೇವಿನ ಧೂಳು ಹೊತ್ತುಕೊಂಡು. ಮುರಿದ ಕೊಂಡಿಯ ಕಿಟಕಿ ಆ ಗಾಳಿಗೆ ಫಟ್ಟೆಂದು ಮುಚ್ಚಿಕೊಂಡಿತು. ಮತ್ತೆ ತೆರೆದಳು, ಮತ್ತೆ ಫಟ್. ಕೂಸು ಬೆಚ್ಚಿತು. ಅವಳು ಸುತ್ತ ನೋಡಿದಳು. ಕಣ್ಣು ನನ್ನ ಮೇಲೆ ಬಿತ್ತು. ಬಂದಳು, ವೈರು ಎಳೆದಳು, ಗೋಡೆಯಿಂದ ಕಿತ್ತಳು. ತಿಪ್ಪೆ ಬಂತೆಂದು ನಾನು ಕಣ್ಣು ಮುಚ್ಚಿದೆ. ಅವಳ ಬೆರಳು ಬೆಚ್ಚಗಿತ್ತು. ಎಷ್ಟು ಡಿಗ್ರಿ ಎಂದು ಹೇಳಲು ನನ್ನಲ್ಲಿ ಕರೆಂಟು ಇರಲಿಲ್ಲ.

ಕಿಟಕಿಯ ಬಾಗಿಲಿಗೂ ಚೌಕಟ್ಟಿಗೂ ನಡುವೆ ನನ್ನನ್ನು ಒತ್ತಿ ಸಿಕ್ಕಿಸಿದಳು. ಕಿಟಕಿ ಮುಚ್ಚಲಿಲ್ಲ.

ಈ ಮಾತಿಗೆ ಆರು ವರ್ಷವಾಯಿತು. ನಾನು ಅಲ್ಲೇ ಇದ್ದೇನೆ. ಬಿಸಿಲಿಗೆ ನನ್ನ ಕಪ್ಪು ಬಣ್ಣ ಬೂದಿಯಾಗಿದೆ, ಬೆನ್ನಿನ ಚೀಟಿ ಉದುರಿದೆ, ಒಂದು ಹಲ್ಲಿ ನನ್ನ ನೆರಳಿನಲ್ಲಿ ಸಂಸಾರ ಹೂಡಿದೆ. ಅದಕ್ಕೆ ಈಗಲೂ ಹೆದರುತ್ತೇನೆ. ಸಂಗವ್ವ ಬೇರೆಯವರ ಬಾಣಂತನಕ್ಕೆ ಹೋದರೆ ಮೊದಲು ಕಿಟಕಿ ನೋಡುತ್ತಾಳಂತೆ, ಆಮೇಲೆ ಬಾಣಂತಿಯನ್ನು. ಮೇ ರಜೆಗೆ ಬರುವ ಆ ಕೂಸು ಈಗ ಕುರ್ಚಿ ಹತ್ತಿ ನನ್ನನ್ನು ಎಳೆದು ನೋಡುತ್ತದೆ. "ಅಜ್ಜೀ, ಇದೇನು?" ಎನ್ನುತ್ತದೆ.

"ಮುಟ್ಟಬ್ಯಾಡ," ಎನ್ನುತ್ತಾಳೆ ಸಂಗವ್ವ, ರೊಟ್ಟಿ ಬಡಿಯುತ್ತಲೇ. "ಅದು ಕಿಡಕಿದು."