ಹೊರಗೆ ಹೋಗಬೇಕಾದವರು

ಆ ವರ್ಷ ನಮ್ಮ ಯಹೂದಿಗಳ ಶಾವೂಓತ್ ಹಬ್ಬದ ಎರಡನೆಯ ದಿನವೂ ಅಮೆರಿಕದ ಹುತಾತ್ಮ ಸೈನಿಕರ ದಿನವೂ ಒಂದೇ ಸೋಮವಾರ ಬಂದು ನನ್ನ ಅಣ್ಣ ಮೆಂಡೆಲ್‌ನ ಸಂಸಾರವನ್ನು ಮುರಿಯುವುದರಲ್ಲಿದ್ದವು. ಅವನ ಒಬ್ಬನೇ ಮಗ ಆಶೆರ್ ಚಳಿಗಾಲದಲ್ಲಿ ಯುದ್ಧದಲ್ಲಿ ಸತ್ತಿದ್ದ. ಊರ ಚೌಕದಲ್ಲಿ ಅವನ ಹೆಸರನ್ನು ಮೊದಲ ಸಲ ಓದುವವರಿದ್ದರು. ಅದೇ ಹೊತ್ತಿಗೆ ನಮ್ಮ ಮಂದಿರದಲ್ಲಿ ಯಿಜ್ಕೋರ್, ಸತ್ತವರನ್ನು ನೆನೆಯುವ ಪ್ರಾರ್ಥನೆ.

ಪೆನ್ಸಿಲ್ವೇನಿಯಾದ ನಮ್ಮ ಗಿರಣಿ ಊರಿನಲ್ಲಿ ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರನ್ನು ಸೇರಿಸುವುದೇ ಹರಸಾಹಸ. ಹತ್ತನೆಯವನು ಮೆಂಡೆಲ್. ಮಗನಿಗಾಗಿ ಪ್ರಾರ್ಥಿಸುವುದು ಬಿಟ್ಟು ಬ್ಯಾಂಡು ಕೇಳಲು ಹೋಗಲೇ ಎಂದು ಅವನು ರೇಗಿದ. ಅತ್ತಿಗೆ ಜೆಲ್ಡಾ ಕೂಗಾಡಲಿಲ್ಲ.

"ಮಗನ ಹೆಸರು ಓದೋವಾಗ ನಾನೊಬ್ಳೇ ನಿಂತಿರ್ಬೇಕು ಅಂದ್ರೆ, ಇನ್ಮೇಲೆ ಎಲ್ಲದಕ್ಕೂ ಒಬ್ಳೇ ಇರ್ತೀನಿ."

ಅವಳು ಸುಮ್ಮನೆ ಹೆದರಿಸುವವಳಲ್ಲ. ಆದರೂ ಅಣ್ಣ ಮಂದಿರಕ್ಕೇ ಹೋದ. ಅವನ ಹಟ ಕಂಡು ನನಗೆ ಮೈಯೆಲ್ಲ ಉರಿಯಿತು.

ಧರ್ಮಗ್ರಂಥ ತೋರಾ ಓದುವ ಫೈವೆಲ್ ಒಂದೊಂದು ಸಾಲಿಗೂ ತಡವರಿಸಿ ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದ. ಹೊರಗೆ ಮೆರವಣಿಗೆಯ ನಗಾರಿ ಚೌಕ ಮುಟ್ಟಿ ನಿಂತಿತು. ಅಣ್ಣನ ಪುಸ್ತಕದ ಹಾಳೆ ತಿರುಗಿರಲಿಲ್ಲ.

ಕೊನೆಗೆ ಯಿಜ್ಕೋರ್ ಬಂತು. ಅಪ್ಪ ಅಮ್ಮ ಬದುಕಿರುವವರು ಆಗ ಎದ್ದು ಹೊರಗೆ ಹೋಗಬೇಕು; ಒಳಗೆ ಕೂತರೆ ಆ ಅಪ್ಪ ಅಮ್ಮನಿಗೆ ಕೇಡು ಎಂಬ ನಂಬಿಕೆ. ಹಾಸಿಗೆ ಹಿಡಿದ ಅಪ್ಪ ಇನ್ನೂ ಮನೆಯಲ್ಲಿದ್ದುದರಿಂದಲೂ, ನಮ್ಮಮ್ಮ ಫ್ರೂಮಾ ತೊಂಬತ್ತು ದಾಟಿಯೂ ಗಟ್ಟಿಮುಟ್ಟಾಗಿದ್ದುದರಿಂದಲೂ ತಲೆ ನರೆತ ನಾವಿಬ್ಬರೂ ಪ್ರತಿ ಸಲ ಚಿಕ್ಕ ಮಕ್ಕಳ ಜೊತೆ ಹೊರಗೆ ನಿಲ್ಲುತ್ತಿದ್ದೆವು. ಅಂದು ನಾನು ಎದ್ದೆ, ಅಣ್ಣ ಏಳಲಿಲ್ಲ. ಮಗನನ್ನು ಕಳಕೊಂಡವನು ಕೂರಬಹುದು ಎಂದು ಮಂದಿರದ ಗುರು ರಬ್ಬಿ ಮೊದಲೇ ಹೇಳಿದ್ದರು.

ಅಮ್ಮ ಹೆಂಗಸರ ಕಡೆಯಿಂದ ಎದ್ದು ಕೋಲೂರಿಕೊಂಡು ಗಂಡಸರ ಸಾಲಿಗೇ ನಡೆದಳು.

"ಏನೋ, ನಾನು ಸತ್ತೆನಾ?"

"ಅಮ್ಮಾ, ಆಶೆರ್ ಹೆಸರು ಹೇಳ್ಬೇಕು."

"ಅದನ್ನ ನಾನು ಹೇಳ್ತೀನಿ. ನಾನಿನ್ನೂ ಬದುಕಿದೀನಿ, ನೀನು ಹೊರಗೆ ನಡಿ."

ರಬ್ಬಿ ಏನೋ ಹೇಳಹೊರಟವರು ಅಮ್ಮನ ಮುಖ ನೋಡಿ ಪುಸ್ತಕದ ಕಡೆ ತಿರುಗಿದರು. ಅಣ್ಣ ಎದ್ದು ಬಂದು ಮೆಟ್ಟಿಲ ಮೇಲೆ ನಿಂತ. ಚೌಕದ ಧ್ವನಿವರ್ಧಕದಲ್ಲಿ ಹೆಸರುಗಳು ಶುರುವಾಗಿದ್ದವು. ಅವನು ಅಲ್ಲಾಡಲಿಲ್ಲ. ನನಗೆ ತಡೆಯಲಾಗಲಿಲ್ಲ, ಬೆನ್ನಿಗೆ ಕೈಯಿಟ್ಟು ದೂಡಿದೆ. ಪ್ರಾರ್ಥನೆಯ ಶಾಲು ಹೆಗಲ ಮೇಲಿದ್ದಂತೆಯೇ ಅವನು ರಸ್ತೆ ದಾಟಿ ಓಡಿದ. ನಾನೂ ಏದುಸಿರು ಬಿಡುತ್ತ ಹಿಂದೆ ಹೋದೆ.

ಜೆಲ್ಡಾ ಮುಂದಿನ ಸಾಲಿನಲ್ಲಿ ಎದ್ದು ನಿಂತಿದ್ದಳು. ಅಣ್ಣ ಜನರನ್ನು ಸರಿಸಿಕೊಂಡು ಅವಳ ಪಕ್ಕ ತಲುಪುವಷ್ಟರಲ್ಲಿ ಆಶೆರನ ಹೆಸರು ಓದಿದರು. ಇಬ್ಬರೂ ಕೇಳಿಸಿಕೊಂಡರು.

"ಅಮ್ಮ ಹೊರಗೆ ಕಳಿಸಿದ್ಳು," ಎಂದ ಅಣ್ಣ.

ಜೆಲ್ಡಾ ಅವನ ಕಡೆ ತಿರುಗಿದಳು. "ಅತ್ತೆಗೆ ಹೊರಗೆ ಕಳಿಸೋಕೆ ಮಗ ಇದಾನೆ. ನಾವೂ ಬದುಕಿದೀವಲ್ಲ, ನಾವು ಯಾರನ್ನ ಕಳಿಸೋದು?"

ಅಣ್ಣ ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.