ಆಮೇಲೆ ಮೇಡಂ

ಅವರು ತೊಡುತ್ತಿದ್ದ ಬಿಳಿ ಕೋಟು ಅವರಿಗಾಗಿ ಹೊಲಿದದ್ದಲ್ಲ, ಯಾರೋ ಆಜಾನುಬಾಹು ಡಾಕ್ಟರು ಬಿಟ್ಟುಹೋದದ್ದು ಎಂಬುದು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ತೋಳುಗಳನ್ನು ಮಡಚಿ ಮಡಚಿ ಮೇಲೇರಿಸಿದರೂ ಬೆರಳ ತುದಿಗಳಷ್ಟೇ ಹೊರಗೆ ಇಣುಕುತ್ತಿದ್ದವು. ಕೋಟಿನ ಅಂಚು ಮೊಣಕಾಲನ್ನು ದಾಟಿ, ನಡೆಯುವಾಗ ಎರಡೂ ಕಡೆ ಪಟಪಟ ಬಡಿಯುತ್ತಿತ್ತು. ಅಳತೆಯದ್ದೊಂದು ಹೊಲಿಸಿಕೊಳ್ಳಿ ಎಂದು ಎಷ್ಟು ಮಂದಿ ಹೇಳಿದರೂ ಅವರು ಜಪ್ಪಯ್ಯ ಎನ್ನಲಿಲ್ಲ. ಏಕೆಂದರೆ ಆ ಕೋಟಿಗೆ ಜೋಳಿಗೆಯಂಥ ಎರಡು ಜೇಬುಗಳಿದ್ದವು. ಬಲಗಡೆಯದರಲ್ಲಿ ಹುರಿದ ಕಡಲೆಕಾಯಿ ಬೀಜ, ಎಡಗಡೆಯದರಲ್ಲಿ ಬೇಯಿಸಿದ ಮೊಟ್ಟೆ. ಮನೋರೋಗಗಳ ಆಸ್ಪತ್ರೆಯ ಆ ಉದ್ದನೆಯ ಕಾರಿಡಾರಿನಲ್ಲಿ, ಎದುರುಗಾಳಿಗೆ ನುಗ್ಗುವವರಂತೆ ಬಲಭುಜವನ್ನು ಮುಂದೆ ಮಾಡಿಕೊಂಡು ಅವರು ಬರುತ್ತಿದ್ದರೆ, ಎಡಗೈ ಮಾತ್ರ ಜೇಬಿನ ಮೊಟ್ಟೆಗಳನ್ನು ಮಗುವಿನ ತಲೆ ಹಿಡಿದ ಹಾಗೆ ಹಿಡಿದುಕೊಂಡಿರುತ್ತಿತ್ತು. ಒಮ್ಮೆ ಮೀಟಿಂಗಿನಲ್ಲಿ ಮರೆತು ಅವುಗಳ ಮೇಲೇ ಕೂತುಬಿಟ್ಟಿದ್ದರು. ಎದ್ದು ನೋಡಿ, ನಿರ್ವಿಕಾರಚಿತ್ತರಾಗಿ, ಸಿಪ್ಪೆ ಸುಲಿದು, ಪಕ್ಕದಲ್ಲಿದ್ದ ನರಪೇತಲ ಹೌಸ್ ಸರ್ಜನನಿಗೆ ತಿನ್ನಿಸಿದರು.

ನಾನು ಅದೇ ಆಸ್ಪತ್ರೆಯಲ್ಲಿ ರೋಗಿಗಳ ವಾಚನಾಲಯ ನೋಡಿಕೊಳ್ಳುತ್ತಿದ್ದೆ. ಬೆನ್ನು ಕಿತ್ತ ಪುಸ್ತಕಗಳಿಗೆ ಬೈಂಡು ಹಾಕುವುದು, ಪತ್ರಿಕೆಯಿಂದ ಪದಬಂಧ ಹರಿದೊಯ್ಯುವವರ ಮೇಲೆ ಕಣ್ಣಿಡುವುದು, ಓದುವ ನೆಪದಲ್ಲಿ ತೂಕಡಿಸುವವರನ್ನು ತೂಕಡಿಸಲು ಬಿಡುವುದು, ಇವು ನನ್ನ ಹುದ್ದೆಯ ಘನಕಾರ್ಯಗಳು. ಅವರು ಆಹಾರ ವಿಭಾಗದ ಮುಖ್ಯಸ್ಥೆ. ಓದಿದವರು, ಆ ಓದಿನ ಬಗ್ಗೆ ಅಭಿಮಾನವಿದ್ದವರು. ಹೊರಗಿನವರು ಅವರನ್ನು ಪಥ್ಯದ ಮೇಡಂ ಎಂದು ಕರೆದರೆ ಮೂಗಿನ ತುದಿಗೆ ಕೋಪ ಬರುತ್ತಿತ್ತು. ಪಥ್ಯವೆಂದರೆ ಅದು ಬಿಡು, ಇದು ಬಿಡು ಎನ್ನುವುದು. ತಮ್ಮ ಕೆಲಸ ತಿನ್ನು ಎನ್ನುವುದು, ಎರಡಕ್ಕೂ ಅಜಗಜಾಂತರ ಎಂದು ವಾದಿಸುತ್ತಿದ್ದರು. ರೋಗಿಗಳು ಮಾತ್ರ ಅವರಿಗೆ ಬೇರೆಯೇ ಹೆಸರಿಟ್ಟಿದ್ದರು: ಆಮೇಲೆ ಮೇಡಂ.

ಆ ಹೆಸರಿನ ಮೂಲ ಹೀಗೆ. ನಾವೆಲ್ಲ ದಿನಕ್ಕೆ ಹತ್ತು ಸಲ ಒಬ್ಬರಿಗೊಬ್ಬರು ‘ಊಟ ಆಯ್ತಾ’ ಅಂದುಕೊಳ್ಳುತ್ತೇವಲ್ಲ, ಅದು ಪ್ರಶ್ನೆಯೇ ಅಲ್ಲ, ಒಂದು ಬಗೆಯ ನಮಸ್ಕಾರ, ಅದಕ್ಕೆ ‘ಆಯ್ತು’ ಎಂಬುದು ಪ್ರತಿನಮಸ್ಕಾರ ಎಂಬುದು ಅವರ ಸಿದ್ಧಾಂತ. ಆದ್ದರಿಂದ ವಾರ್ಡಿನಲ್ಲಿ ಹಾಗೆ ಕೇಳಕೂಡದೆಂದು ನರ್ಸುಗಳಿಗೆ ತಾಕೀತು ಮಾಡಿದ್ದರು. ತಾವು ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತು, ಲೋಕದಲ್ಲಿ ಬೇರೆ ಯಾವ ಕೆಲಸವೂ ಇಲ್ಲದವರ ನಿಧಾನದಲ್ಲಿ, ನಿನ್ನೆ ಮಧ್ಯಾಹ್ನ ಏನು ತಿಂದಿರಿ ಎಂದು ಶುರುಮಾಡುವರು. ಅನ್ನ, ಎನ್ನುವುದು ಗೋಡೆಯ ಕಡೆಗೆ ತಿರುಗಿದ ಮುಖ. ಹೂಂ, ಆಮೇಲೆ? ಬೇಳೆ. ಹೂಂ, ಆಮೇಲೆ? ಹೀಗೆ ಬಾವಿಯಿಂದ ಹಗ್ಗ ಸೇದಿದಂತೆ ಸೇದಿ, ಕೊನೆಗೆ ತಟ್ಟೆಯಲ್ಲಿ ಬಡಿಸಿದ್ದೆಷ್ಟು, ಬಾಯಿಗೆ ಹೋದದ್ದೆಷ್ಟು, ಯಾರೂ ನೋಡದಾಗ ಬಕೆಟ್ಟಿಗೆ ಬಿದ್ದದ್ದೆಷ್ಟು, ಎಲ್ಲವನ್ನೂ ಹೊರಗೆಳೆಯುವರು. ನನ್ನನ್ನೂ ಬಿಡಲಿಲ್ಲ. ನನ್ನ ಹೆಂಡತಿ ಕಾಯಿಲೆಯ ತಾಯಿಯ ಆರೈಕೆಗೆಂದು ಹೋಗಿದ್ದ ವಾರಗಳಲ್ಲಿ ನಾನು ವಿನಾಕಾರಣ ಎಲ್ಲರ ಮೇಲೆ ಹರಿಹಾಯುತ್ತಿದ್ದೆ. ಜೀವನವೇ ನಿಸ್ಸಾರವೆಂಬ ದಾರ್ಶನಿಕ ಮಾತುಗಳನ್ನೂ ಆಡುತ್ತಿದ್ದೆನಂತೆ. ಅವರು ಬಂದು, ಪುಸ್ತಕದವರೇ, ನಿನ್ನೆ ಏನು ತಿಂದಿರಿ ಎಂದರು. ಕಾಫಿ, ಎಂದೆ. ಹೂಂ, ಆಮೇಲೆ? ಬಿಸ್ಕತ್ತು. ಹೂಂ, ಆಮೇಲೆ? ನನ್ನಲ್ಲಿ ಆಮೇಲೆ ಇರಲಿಲ್ಲ. ಎರಡು ಮೊಟ್ಟೆ ಮೇಜಿನ ಮೇಲಿಟ್ಟು ಹೋದರು. ವಾರವೊಂದು ಕಳೆಯುವಷ್ಟರಲ್ಲಿ ನನ್ನ ದರ್ಶನಶಾಸ್ತ್ರ ಮಾಯವಾಗಿತ್ತೆಂದು ಒಪ್ಪಿಕೊಳ್ಳಲು ಈಗಲೂ ಸ್ವಲ್ಪ ಅವಮಾನವಾಗುತ್ತದೆ.

ಎಲ್ಲ ಮನೋವ್ಯಾಧಿಗೂ ಅನ್ನವೇ ಔಷಧವೆಂದು ನಂಬುವ ಮುಗ್ಧತೆ ಅವರಿಗಿರಲಿಲ್ಲ. ಆಸ್ಪತ್ರೆಯ ದೊಡ್ಡ ಡಾಕ್ಟರಿಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ ನಿಜ. ಆದರೆ ಇಬ್ಬರೂ ಒಬ್ಬರ ವಿದ್ಯೆಯನ್ನೊಬ್ಬರು ಗೌರವಿಸುತ್ತಿದ್ದರು. ಅಡುಗೆಯವರು ಬೇಗ ಮನೆಗೆ ಹೋಗಲೆಂದು ಸಂಜೆಯ ಬಿಸಿಲಿರುವಾಗಲೇ ರಾತ್ರಿಯೂಟ ಮುಗಿಸುವ ಪದ್ಧತಿ ನಮ್ಮಲ್ಲಿತ್ತು. ಅಷ್ಟು ಹೊತ್ತು ಬರಿಹೊಟ್ಟೆಯಲ್ಲಿ ಮಲಗಿಸಿ, ಬೆಳಿಗ್ಗೆ ಎಬ್ಬಿಸಿ ಮನಸ್ಸು ಹೇಗಿದೆ ಎಂದು ಕೇಳಿದರೆ ಹೊಟ್ಟೆಯಲ್ಲವೇ ಉತ್ತರ ಹೇಳುವುದು ಎಂದು ಮೇಡಂ ಜಗಳ ತೆಗೆದರು. ಡಾಕ್ಟರು ನಕ್ಕು, ಎಲ್ಲದಕ್ಕೂ ಸೊಪ್ಪು ಬೇಳೆಯೇ ಮದ್ದೆಂದರೆ ನಾವೆಲ್ಲ ಗಂಟುಮೂಟೆ ಕಟ್ಟಬೇಕಾಗುತ್ತದೆ ಎಂದರು. ಆಗ ಅವರು ಹೇಳಿದ ಮಾತು ಆಸ್ಪತ್ರೆಯಲ್ಲಿ ಬಹಳ ದಿನ ಓಡಾಡಿತು.

“ಮಾತ್ರೆ ನಿಮ್ಮದು ಡಾಕ್ಟ್ರೇ, ತಟ್ಟೆ ನಂದು. ನಿಮ್ಮ ಮಾತ್ರೆ ಬೀಳೋ ಜಾಗ ಖಾಲಿ ಇರಬಾರದು ಅಂತ ನಾನು ನೋಡ್ಕೊಳ್ತೀನಿ, ಅಷ್ಟೇ.”

ಊಟದ ಹೊತ್ತು ಬದಲಾಯಿತು. ವಾರ್ಡಿನಲ್ಲಿ, ಹಿಂದೆ ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬ ಮುದುಕರಿದ್ದರು, ಮೌನವ್ರತ ಹಿಡಿದವರಂತೆ ಬಾಯಿ ಬಿಡದವರು, ದಿನೇ ದಿನೇ ಕಡ್ಡಿಯಾಗುತ್ತಿದ್ದವರು. ಹಲ್ಲಿಲ್ಲದ ಬಾಯಲ್ಲಿ ಅಗಿಯುವುದನ್ನು ನಾಲ್ಕು ಜನ ನೋಡುತ್ತಾರೆಂಬ ನಾಚಿಕೆಯಿಂದ ಅವರು ಉಣ್ಣುತ್ತಿರಲಿಲ್ಲವೆಂದು ಕಂಡುಹಿಡಿದು, ಅವರ ಮೇಜನ್ನು ಕಿಟಕಿಯ ಕಡೆಗೆ ತಿರುಗಿಸಿ, ಅನ್ನವನ್ನು ಮೆತ್ತಗೆ ನುರಿಸಿ ಕೊಡಿಸಿದವರು ಮೇಡಂ. ಮಾತ್ರೆಯೂ ಕೆಲಸ ಮಾಡಿತು, ಅನ್ನವೂ ಮಾಡಿತು; ಯಾರ ಪಾಲು ಎಷ್ಟೆಂದು ಅಳೆಯುವವರು ಯಾರು? ಒಂದು ದಿನ ಆ ಮುದುಕರು ವಾಚನಾಲಯಕ್ಕೆ ಬಂದು, ನಿಮ್ಮ ಗೋಡೆ ಗಡಿಯಾರ ಹಿಂದೆ ಓಡ್ತಿದೆ ಅಂದರು. ಅದು ಅವರ ಬಾಯಿಂದ ನಾನು ಕೇಳಿದ ಮೊದಲ ಮಾತು, ಅದೂ ಆಕ್ಷೇಪಣೆ!

ಇಷ್ಟರ ನಡುವೆ ಅವರಿಗೊಂದು ಹಠವಿತ್ತು. ಯಾವ ವಾರ್ಡಿಗೆ ಯಾವ ಅಡುಗೆ ಹೋದರೂ ಮೊದಲು ತಾವು ರುಚಿ ನೋಡಲೇಬೇಕು. ಒಂದೊಂದು ಪಾತ್ರೆಯಿಂದ ಒಂದೊಂದು ಸೌಟು. ಅರೆಬೆಂದ ಅನ್ನ, ಉಪ್ಪಿಲ್ಲದ ಬೇಳೆ, ಸೋರೆಕಾಯಿ, ಗಂಜಿ. ಹೀಗೆ ಸಂಜೆಯ ಹೊತ್ತಿಗೆ ಅವರ ಹೊಟ್ಟೆ ಭರ್ತಿಯಾಗಿ, ಮನೆಗೆ ಹೋಗಿ ಒಂದಗುಳು ಅನ್ನವನ್ನೂ ಮುಟ್ಟಲಾಗುತ್ತಿರಲಿಲ್ಲ. ಮನೆಯಲ್ಲಿದ್ದವರು ತಾಯಿ ಒಬ್ಬರೇ.

ಆ ತಾಯಿಯ ಪರಿಚಯ ನನಗೆ ಪುಸ್ತಕಗಳ ಮೂಲಕ ಆದದ್ದು. ಮೂರನೆಯ ಮಹಡಿಯ ಅವರ ಮನೆ ನನ್ನ ದಾರಿಯಲ್ಲೇ ಇದ್ದುದರಿಂದ ವಾರಕ್ಕೊಂದು ಕಾದಂಬರಿ ಮುಟ್ಟಿಸುತ್ತಿದ್ದೆ. ಗಂಡನನ್ನು ಬೇಗ ಕಳೆದುಕೊಂಡು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ಒಬ್ಬಳೇ ಮಗಳನ್ನು ಓದಿಸಿದ ಹೆಂಗಸು. ಒಂದು ಕಾಲಕ್ಕೆ ಊರಿನ ಅರ್ಧ ಮನೆಗಳ ನಂಬರು ಅವರ ನಾಲಿಗೆಯ ತುದಿಯಲ್ಲಿತ್ತು. ಅಂಥವರು, ಓದಿ ಹಿಂತಿರುಗಿಸಿದ ಕಾದಂಬರಿಯನ್ನೇ ಮತ್ತೆ ಕೈಗೆತ್ತಿಕೊಂಡು, ಇದು ಹೊಸದಾ ಎಂದು ಕೇಳತೊಡಗಿದರು. ಆಮೇಲೆ ಕನ್ನಡಕ ಕದಿಯುತ್ತಿದ್ದಾರೆಂಬ ಗುಮಾನಿ ಹುಟ್ಟಿತು. ಮೊದಲು ನೆರೆಯವರ ಮೇಲೆ, ನಂತರ ಮಗಳ ಮೇಲೇ. ಮಾತುಮಾತಿಗೆ ಸಿಡುಕು, ಸಿಡುಕಿನ ಬೆನ್ನಿಗೇ ಅಳು. ಕೊನೆಕೊನೆಗೆ ಮಗಳು ಬಾಗಿಲು ತೆರೆದರೆ, ಯಾರಮ್ಮ ನೀನು, ಒಳಗೆ ಬರಬೇಡ ಎನ್ನುವುದಕ್ಕೂ ಶುರುವಾಯಿತು.

ಮೇಡಂ ಇದನ್ನು ವೃದ್ಧಾಪ್ಯವೆಂದು ಒಪ್ಪಿಕೊಂಡುಬಿಟ್ಟಿದ್ದರು. ಅಂಥ ಎಷ್ಟೋ ವೃದ್ಧರನ್ನು ವಾರ್ಡಿನಲ್ಲಿ ಕಂಡವರು ತಾನೇ? ಒಂದು ಮಧ್ಯಾಹ್ನ ವಾಚನಾಲಯದಲ್ಲಿ ಬಂದು ಕೂತು, ತಾಯಿಯನ್ನು ನಮ್ಮಲ್ಲೇ ವೃದ್ಧರ ವಿಭಾಗಕ್ಕೆ ಸೇರಿಸಬೇಕಾಗುತ್ತದೇನೋ ಎಂದರು. ಅವರ ಕಣ್ಣಲ್ಲಿ ನೀರು ನಾನು ನೋಡಿದ್ದು ಅದೇ ಮೊದಲು.

“ಅಮ್ಮನಿಗೆ ನಾನು ಯಾರು ಅಂತಾನೇ ಗೊತ್ತಿಲ್ಲ ಪುಸ್ತಕದವರೇ. ಇದ್ದೊಬ್ಬಳು ಅಮ್ಮ. ಅವಳಿಗೇ ನಾನು ಯಾರೋ ಆಗ್ಬಿಟ್ರೆ ನಾನೆಲ್ಲಿಗೆ ಹೋಗ್ಲಿ?”

ಸೇರಿಸುವ ಮೊದಲು ಒಮ್ಮೆ ತಾನೇ ನೋಡುತ್ತೇನೆಂದು ದೊಡ್ಡ ಡಾಕ್ಟರು ಒಂದು ಭಾನುವಾರ ಮನೆಗೇ ಬಂದರು. ಗುರುತಿನ ಮುಖವಿರಲೆಂದು ನನ್ನನ್ನೂ ಕರೆದುಕೊಂಡು ಹೋದರು. ಆ ತಾಯಿಗೆ ಮಗಳ ಗುರುತಿಲ್ಲದಿದ್ದರೂ ನನ್ನ ಕೈಯ ಪುಸ್ತಕದ ಗುರುತಿತ್ತು. ಡಾಕ್ಟರು ಪಕ್ಕದಲ್ಲಿ ಕೂತು ಟೆಲಿಫೋನಿನ ಕಾಲದ ಮಾತು ತೆಗೆದರು. ನಾಲಿಗೆ ಚಾಚಿಸಿ ನೋಡಿದರು. ಅದು ನುಣ್ಣಗೆ, ಕೆಂಪಗೆ, ಉಜ್ಜಿಟ್ಟ ಹಾಗಿತ್ತು. ಪಾದ ಹೇಗಿದೆ ಎಂದರೆ, ಒಳಗೆ ಇರುವೆ ಹರಿದ ಹಾಗಾಗುತ್ತದೆ ಎಂದರು. ಊಟ ತಿಂಡಿಯ ವಿಚಾರ ಕೇಳಿದ್ದಕ್ಕೆ ಮಾತ್ರ, ನನ್ನ ಮಗಳು ಎಲ್ಲ ತಂದಿಟ್ಟಿದ್ದಾಳೆ, ನನಗೇನು ಕಡಿಮೆ ಎಂದು ಬಿಗುಮಾನದಿಂದ ನುಡಿದರು. ಡಾಕ್ಟರು ಎದ್ದು ಅಡುಗೆಮನೆಗೆ ಹೋದರು. ಮಗಳು ತುಂಬಿಸಿಟ್ಟ ಬೇಳೆಕಾಳಿನ ಡಬ್ಬಿಗಳೆಲ್ಲ ಇಟ್ಟ ಹಾಗೇ ಇದ್ದವು, ತೆರೆದರೆ ಒಳಗೆಲ್ಲ ಹುಳ. ಒಲೆಯ ಮೇಲೆ ಚಹಾದ ಪಾತ್ರೆ ಒಂದೇ. ರಸ್ಕಿನ ಖಾಲಿ ಪೊಟ್ಟಣಗಳು ಮೂಲೆಯ ಚೀಲದಲ್ಲಿ ತುರುಕಿಕೊಂಡಿದ್ದವು.

“ಮೊಟ್ಟೆ ಖರ್ಚಾಗ್ತಿತ್ತಲ್ಲ,” ಎಂದರು ಮೇಡಂ, ಬಾಗಿಲಲ್ಲೇ ನಿಂತು. “ತರ್ತಿದ್ದೆ, ಮುಗೀತಿತ್ತು. ತಿಂತಿದ್ದಾಳೆ ಅಂದ್ಕೊಂಡೆ.”

ತಾಯಿ ಒಳಗಿನಿಂದಲೇ ಹೇಳಿದರು, ಮೆಟ್ಟಿಲು ಗುಡಿಸುವ ಹುಡುಗಿ ಬಸುರಿ, ಅವಳಿಗೆ ಕೊಡುತ್ತಿದ್ದೆ ಎಂದು. ಹಾಲೂ ಅವಳಿಗೇ, ಚಹಾಕ್ಕೆ ಬೇಕಾದಷ್ಟು ಮಾತ್ರ ಉಳಿಸಿಕೊಂಡು. ಮತ್ತೆ ನೀವು, ಎಂದು ಡಾಕ್ಟರು ಮೆಲ್ಲಗೆ ಕೇಳಿದರು.

“ಒಬ್ಬಳಿಗೋಸ್ಕರ ಏನು ಅಂತ ಒಲೆ ಹಚ್ಚೋದಪ್ಪಾ?”

ಮೇಡಂ ಒಳಗೆ ಬಂದು, ತೆರೆದಿಟ್ಟ ಡಬ್ಬಿಗಳ ಮುಚ್ಚಳವನ್ನು ಒಂದೊಂದಾಗಿ ಹಾಕತೊಡಗಿದರು. ಡಾಕ್ಟರು ಜಾಣರು, ಉಪದೇಶ ಮಾಡಲಿಲ್ಲ. ವಯಸ್ಸೂ ಇರಬಹುದು, ಹಾಲು ಮೊಟ್ಟೆ ಹೊಟ್ಟೆಗೆ ಬೀಳದೆ ಬರುವ ಬಿ ಟ್ವೆಲ್ವ್ ವಿಟಮಿನ್ನಿನ ಕೊರತೆಯೂ ಇರಬಹುದು, ಎರಡೂ ಇರಬಹುದು, ರಕ್ತ ನೋಡೋಣ. ಕೊರತೆಯೇ ಆಗಿದ್ದರೆ ಹೋದದ್ದರಲ್ಲಿ ಸ್ವಲ್ಪವಾದರೂ ಹಿಂದಕ್ಕೆ ಬಂದೀತು, ಎಲ್ಲವೂ ಬರುತ್ತದೆಂದು ಮಾತು ಕೊಡಲಾರೆ ಎಂದರು. ವಾರ್ಡಿನ ನರ್ಸುಗಳಿಗೆಲ್ಲ ನಾಲಿಗೆ ನೋಡುವುದನ್ನು ಕಲಿಸಿದವರೇ ಈ ಮಗಳು. ತನ್ನ ತಾಯಿಯ ನಾಲಿಗೆ ನೋಡಿರಲಿಲ್ಲ.

ರಕ್ತಪರೀಕ್ಷೆ ಡಾಕ್ಟರ ಸಂಶಯವನ್ನು ನಿಜ ಮಾಡಿತು. ಇಂಜೆಕ್ಷನ್ನುಗಳು ಶುರುವಾದವು. ಮೇಡಂ ಅಡುಗೆಯ ರುಚಿ ನೋಡುವ ಕೆಲಸವನ್ನು ಸಹಾಯಕಿಗೆ ಒಪ್ಪಿಸಿದರು. ನಮಗೆಲ್ಲ ಅದು ರಾಜೀನಾಮೆಗಿಂತ ದೊಡ್ಡ ಸುದ್ದಿ. ಮಧ್ಯಾಹ್ನವಾದರೆ ಸಾಕು, ಊಟದ ಕ್ಯಾರಿಯರ್ ಹಿಡಿದು, ಬಲಭುಜ ಮುಂದೆ ಮಾಡಿಕೊಂಡು, ಮನೆಯ ಕಡೆ ಓಟ. ಮೊದಲ ವಾರಗಳಲ್ಲಿ ತಾಯಿ ಆ ಅಪರಿಚಿತ ಹೆಂಗಸಿನ ಎದುರು ಉಣ್ಣಲು ಒಪ್ಪಲಿಲ್ಲವಂತೆ. ಅಪರಿಚಿತಳಾಗಿಯೇ ಬಡಿಸಿ, ಅಪರಿಚಿತಳಾಗಿಯೇ ಎದುರು ಕೂತು ಉಂಡು ಬರುತ್ತಿದ್ದರು. ಹೇಗಿದ್ದಾರೆ ಎಂದು ಕೇಳಲು ನಮಗೆ ಧೈರ್ಯವಿರುತ್ತಿರಲಿಲ್ಲ. ಒಂದು ದಿನ ಅವರು ವಾಪಸು ಬಂದಾಗ ಮುಖವೆಲ್ಲ ಅತ್ತು ಊದಿಕೊಂಡಿತ್ತು, ನಗುತ್ತಲೂ ಇದ್ದರು. ಅಮ್ಮ ಬೈದಳು, ಎಂದರು. ಈ ಕೋಟು ಯಾರದ್ದೇ ಪುಟ್ಟಿ, ಗುಡಾಣಕ್ಕೆ ಬಟ್ಟೆ ಸುತ್ತಿದ ಹಾಗೆ ಕಾಣ್ತೀಯ ಅಂದಳಂತೆ. ಪುಟ್ಟಿ ಎನ್ನುವುದು ಆ ಮನೆಯಲ್ಲಿ ಮಗಳಿಗಿದ್ದ ಹೆಸರು.

ಎಲ್ಲವೂ ಮರಳಿ ಬರಲಿಲ್ಲ. ಟೆಲಿಫೋನ್ ನಂಬರುಗಳು ಹೋದದ್ದು ಹೋದವೇ. ಓದಿದ ಕಾದಂಬರಿಯನ್ನು ಎರಡನೆಯ ಸಲ ಓದುವುದೂ ತಪ್ಪಲಿಲ್ಲ, ಅದರಿಂದ ನನಗೆ ಪುಸ್ತಕ ಹೊಂದಿಸುವ ಶ್ರಮ ಉಳಿಯಿತೆನ್ನಿ. ಆದರೆ ಗುಮಾನಿ ಇಳಿಯಿತು, ಅಳು ನಿಂತಿತು, ಮಗಳು ಮಗಳಾಗಿ ಉಳಿದಳು. ಹಾಗೆ ಕಳೆದ ಒಂದೆರಡು ವರ್ಷಗಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಹೀಗೇ ಒಂದು ಮಧ್ಯಾಹ್ನ ನಾನು ಪುಸ್ತಕ ಕೊಡಲು ಹೋದಾಗ ತಾಯಿ ಮಗಳಿಬ್ಬರೂ ಊಟಕ್ಕೆ ಕೂತಿದ್ದರು. ನನಗೂ ಒಂದು ತಟ್ಟೆ ಬಂತು. ಬಿಸಿಲು ಮೇಜಿನ ಅರ್ಧದವರೆಗೆ ಬಂದಿತ್ತು. ಮಾತಿನ ನಡುವೆ ಮೇಡಂ, ಎಷ್ಟೋ ದಿನದಿಂದ ಕೇಳಬೇಕೆಂದು ಕಾದಿದ್ದವರಂತೆ, ತಟ್ಟೆಯಿಂದ ತಲೆಯೆತ್ತದೆ ಕೇಳಿದರು.

“ಅಮ್ಮಾ, ದಿನಾ ಸಂಜೆ ಬಂದು ಊಟ ಆಯ್ತಾ ಅಂತ ಕೇಳ್ತಿದ್ನಲ್ಲ. ಯಾಕೆ ಆಯ್ತು ಆಯ್ತು ಅಂತಿದ್ದೆ?”

ತಾಯಿ ಆಕ್ಷೇಪಣೆಯ ಧ್ವನಿಯಲ್ಲೇನೂ ಹೇಳಲಿಲ್ಲ. ನಾಳೆ ಹಾಲು ತರಬೇಕು ಎನ್ನುವಷ್ಟು ಸಹಜವಾಗಿ ಹೇಳಿದರು.

“ನೀನು ಚಪ್ಪಲಿ ಬಿಚ್ತಾ ಕೇಳ್ತಿದ್ದೆ ಪುಟ್ಟಿ. ಅಷ್ಟು ಹೊತ್ತಲ್ಲಿ ಆಯ್ತು ಅನ್ನೋದೊಂದೇ ಹಿಡೀತಿದ್ದದ್ದು.”

ಮಗಳು ಅತ್ತರು. ನನ್ನ ಎದುರಿಗೇ, ಮುಚ್ಚಿಟ್ಟುಕೊಳ್ಳದೆ ಅತ್ತರು. ತಾಯಿ ಅವರ ಬೆನ್ನು ಸವರಿ, ಅನ್ನ ಆರಿಹೋಗುತ್ತೆ, ಮೊದಲು ತಿನ್ನು ಎಂದರು.

ಪರರ ವ್ಯಥೆಯನ್ನು ಉದ್ಯೋಗವಾಗಿ ಹೊತ್ತವರು ಬಹುತೇಕ ಹೀಗೆಯೇ ಎಂದು ಇಷ್ಟು ವರ್ಷಗಳ ಮೇಲೆ ನನಗನಿಸುತ್ತದೆ. ಹಗಲೆಲ್ಲ ಗುರುತಿಲ್ಲದವರ ಪಕ್ಕದಲ್ಲಿ ಸಾವಧಾನವಾಗಿ ಕೂತು, ಆ ಸಾವಧಾನವನ್ನೆಲ್ಲ ಅಲ್ಲೇ ಖರ್ಚುಮಾಡಿ ಮನೆಗೆ ಬರುತ್ತಾರೆ. ಅವರನ್ನು ನಿಷ್ಕರುಣಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ. ಅವರ ದಣಿವನ್ನು ಕಂಡ ಮನೆಯವರು, ಪಾಪ, ನಮ್ಮದೊಂದು ಹೊರೆ ಯಾಕೆಂದು ಚಿಕ್ಕ ಉತ್ತರ ಕೊಟ್ಟು ಕಳಿಸುತ್ತಾರೆ. ಎರಡು ಕಡೆಯೂ ಇರುವುದು ಪ್ರೀತಿಯೇ. ಆದರೂ ಒಬ್ಬರು ಹಸಿದೇ ಮಲಗಿರುತ್ತಾರೆ.